ಕಾರು ಕಪಾಟಲ್ಲ: ಒಬ್ಬ ಲೈಸೆನ್ಸುದಾರನ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು
ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,
ಉಡುಪಿ ಜಿಲ್ಲೆ.

ವಿಷಯ: ಲೈಸೆನ್ಸ್ ಇರುವ ರಿವಾಲ್ವರ್, ಪಿಸ್ತೂಲುಗಳನ್ನು ನಿಲ್ಲಿಸಿದ ವಾಹನದಲ್ಲಿ ಬಿಟ್ಟು ಹೋಗಬೇಕಾದ ಪರಿಸ್ಥಿತಿಯ ಬಗ್ಗೆ.

ಮಾನ್ಯರೇ, ನಮಸ್ಕಾರ.

ನಾನು ಕಾರ್ಕಳ ತಾಲೂಕಿನವನು. ಅಡಿಕೆ ಮತ್ತು ಗೇರುಬೀಜದ ವ್ಯಾಪಾರ ನಮ್ಮ ಮನೆಯದು. ಈಗ ಪೇಟೆಯವರೆಲ್ಲ ಮೊಬೈಲಿನಲ್ಲೇ ಹಣ ಕಳಿಸುತ್ತಾರೆ, ನಿಜ. ಆದರೆ ಹೆಬ್ರಿ ಕಡೆಯ ಒಳಗಿನ ಊರುಗಳಲ್ಲಿ ವಯಸ್ಸಾದ ಬೆಳೆಗಾರರು ಇವತ್ತಿಗೂ ತೂಕ ಆದ ಕೂಡಲೇ ಕೈಗೆ ನೋಟು ಬರಬೇಕು ಅನ್ನುತ್ತಾರೆ. ಅವರ ಮೇಲೆ ನನಗೆ ಬೇಸರ ಇಲ್ಲ, ಅದು ಅವರ ದುಡಿಮೆಯ ಹಣ. ಹಾಗಾಗಿ ಸುಗ್ಗಿಯಲ್ಲಿ ವಾರಕ್ಕೆ ಎರಡು ಸಲವಾದರೂ ದುಡ್ಡಿನ ಚೀಲ ಹಿಡಿದುಕೊಂಡು ಕಾಡಿನ ನಡುವಿನ ರಸ್ತೆಯಲ್ಲಿ ಹೋಗಬೇಕಾಗುತ್ತದೆ. ಇದೇ ಕಾರಣ ಬರೆದು ಅರ್ಜಿ ಹಾಕಿದ್ದೆ. ಪೊಲೀಸರು ವಿಚಾರಣೆ ಮಾಡಿದರು, ಲೈಸೆನ್ಸ್ ಸಿಕ್ಕಿತು. ಅದಕ್ಕೆ ಈಗ 14 ವರ್ಷ. ನನ್ನ ಬಳಿ ಇರುವುದು ಆರು ಗುಂಡಿನ .32 ರಿವಾಲ್ವರ್. ಇಷ್ಟು ವರ್ಷಗಳಲ್ಲಿ ಒಬ್ಬ ಮನುಷ್ಯನ ಎದುರು ಅದನ್ನು ಹೊರಗೆ ತೆಗೆದಿಲ್ಲ. ತೆಗೆಯುವ ದಿನ ಬಾರದಿರಲಿ ಎಂದೇ ದೇವರಲ್ಲಿ ಕೇಳಿಕೊಳ್ಳುತ್ತೇನೆ.

ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬರೆದರೆ ನಿನ್ನ ಲೈಸೆನ್ಸಿಗೇ ಕುತ್ತು ಬರಬಹುದು ಎಂದು ಮನೆಯಲ್ಲಿ ಹೇಳಿದರು. ಬಂದರೆ ಬರಲಿ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಬೆಳಗ್ಗೆ ವ್ಯಾಪಾರಕ್ಕೆ ಹೋಗಿದ್ದೆ. ಹನ್ನೊಂದು ಗಂಟೆಗೆ ಚೀಲ ಖಾಲಿ. ಜಾಗದ ದಾಖಲೆಯ ಒಂದು ಕೆಲಸ ಬಾಕಿ ಇತ್ತು, ಮನೆಗೆ ಹೋಗಿ ಬರಲು ಹೊತ್ತಿಲ್ಲ ಎಂದು ನೇರ ಒಂದು ಸರ್ಕಾರಿ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ, ಯಾಕೆಂದರೆ ಎಲ್ಲ ಕಡೆಯೂ ಹೀಗೇ ಇದೆ. ಬಾಗಿಲಲ್ಲಿದ್ದ ಸೆಕ್ಯುರಿಟಿಯವರಿಗೆ ನಾನೇ ಮೊದಲು ಹೇಳಿದೆ, ಸೊಂಟದಲ್ಲಿ ಲೈಸೆನ್ಸ್ ಇರುವ ರಿವಾಲ್ವರ್ ಇದೆ ಎಂದು. ಲೈಸೆನ್ಸ್ ತೋರಿಸಿದೆ. ಅವರು ಮರ್ಯಾದೆಯಿಂದಲೇ ಮಾತಾಡಿದರು.

"ಒಳಗೆ ಬಿಡ್ಲಿಕ್ಕಿಲ್ಲ ಸರ್."

"ಸರಿ, ಹಾಗಾದರೆ ಇದನ್ನು ಎಲ್ಲಿ ಇಡಲಿ?"

"ಕಾರಲ್ಲಿ ಇಟ್ಟು ಬನ್ನಿ. ಎಲ್ಲರೂ ಹಾಗೇ ಮಾಡುದು."

ನಾನು ಕಾರಿಗೆ ವಾಪಸ್ ಬಂದೆ. ಬಿಸಿಲಿಗೆ ನಿಂತಿದ್ದ ಕಾರು ಒಲೆಯ ಹಾಗೆ ಕಾದಿತ್ತು. ಗಾಜು ಏರಿಸಿ ಒಳಗೆ ಕೂತು ಸಿಲಿಂಡರ್ ತೆರೆದೆ. ಅತ್ತಿತ್ತ ಜನ ಓಡಾಡುತ್ತಿದ್ದರು. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ನನ್ನ ಗಾಜಿಗೆ ತಾಗಿಕೊಂಡೇ ಹೋದರು. ಯಾರಿಗೂ ಕಾಣಬಾರದು ಎಂದು ಟವೆಲ್ ಅಡಿಯಲ್ಲಿ ಕೈ ಇಟ್ಟು ಗುಂಡು ತೆಗೆಯುತ್ತಿದ್ದೆ. ಬೆವರಿದ ಬೆರಳು. ಐದು ಗುಂಡು ಅಂಗೈಗೆ ಬಂತು, ಆರನೆಯದು ಜಾರಿ ಸೀಟಿನ ಕೆಳಗೆ ಉರುಳಿತು. ಅದನ್ನು ಹುಡುಕಿ ತೆಗೆಯಲು ಹತ್ತು ನಿಮಿಷ ಬೇಕಾಯಿತು. ಆರನ್ನೂ ಅಂಗಿಯ ಕಿಸೆಗೆ ಹಾಕಿ, ರಿವಾಲ್ವರನ್ನು ಪೌಚಿನಲ್ಲಿಟ್ಟು, ಮುಂದಿನ ಡ್ಯಾಶ್‌ಬೋರ್ಡ್ ಬಾಕ್ಸಿನೊಳಗೆ ತಳ್ಳಿ, ಕಾರಿಗೆ ಬೀಗ ಹಾಕಿ ಹೋದೆ. ಒಳಗೆ ಎರಡೂವರೆ ಗಂಟೆ ಕಾದೆ. ಆ ಎರಡೂವರೆ ಗಂಟೆ ನನ್ನ ಕಣ್ಣು ಕಿಟಕಿಯ ಕಡೆಗೇ ಇತ್ತು, ಆದರೆ ಅಲ್ಲಿಂದ ನನ್ನ ಕಾರು ಕಾಣುತ್ತಿರಲಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ತಲೆ ಕೆಟ್ಟುಹೋಗಿತ್ತು. ಸಂಬಂಧಿಕರ ಮದುವೆ, ಊಟದ ಹೊತ್ತು ಮೀರುತ್ತಿದೆ ಎಂದು ಮನೆಯಿಂದ ಫೋನ್ ಮೇಲೆ ಫೋನ್. ಹಾಲ್ ಮುಂದೆ ಕಾರು ನಿಲ್ಲಿಸಿದ ಕೂಡಲೇ ಪಾರ್ಕಿಂಗ್ ಹುಡುಗ ಬಂದ, ಕೀ ಕೊಟ್ಟೆ, ಒಳಗೆ ಹೋದೆ. ಎಲೆಗೆ ಹೋಳಿಗೆ ಬಡಿಸಿ ಕಾಯಿಹಾಲು ಹಾಕುತ್ತಿದ್ದರು. ತುತ್ತು ಎತ್ತಲು ಬಗ್ಗಿದೆ. ಅಂಗಿಯ ಕಿಸೆಯಲ್ಲಿ ಗುಂಡುಗಳು ಒಂದಕ್ಕೊಂದು ತಾಗಿ ಟಿಣ್ ಅಂದವು.

ಎಲೆ ಬಿಟ್ಟು ಓಡಿದೆ. ಹಾಲ್ ಹಿಂದಿನ ತೆಂಗಿನ ತೋಟದಲ್ಲಿ ಕಾರುಗಳ ಸಾಲು. ನನ್ನ ಕಾರಿನ ಬಾಗಿಲು ತೆರೆದಿತ್ತು. ಆ ಹುಡುಗ ಡ್ರೈವರ್ ಸೀಟಿನಲ್ಲಿ ಕೂತಿದ್ದ, ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಅವನ ಫೋನ್ ಚಾರ್ಜ್ ಮುಗಿದಿತ್ತು, ವಯರ್ ಸಿಗುತ್ತದೋ ಎಂದು ಡ್ಯಾಶ್‌ಬೋರ್ಡ್ ಬಾಕ್ಸ್ ತೆರೆದಿದ್ದಾನೆ. ಪೌಚ್ ಅವನ ತೊಡೆಯ ಮೇಲಿತ್ತು, ಜಿಪ್ ಅರ್ಧ ಬಿಚ್ಚಿತ್ತು. ನನ್ನನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಅಣ್ಣಾ, ಉಂದು ದಾದ?"

ಏನಿದು ಎಂದು ಕೇಳಿದ. ಅದೇನು ಎಂದು ಅವನಿಗೆ ಗೊತ್ತಾಗಿತ್ತು. ನಾನು ಕೈ ಚಾಚಿದೆ, ಅವನು ಎರಡೂ ಕೈಯಲ್ಲಿ ಪೌಚ್ ಎತ್ತಿ ಕೊಟ್ಟ. ನನ್ನ ಕೈಯೂ ನಡುಗುತ್ತಿತ್ತು.

ರಿವಾಲ್ವರ್ ಖಾಲಿ ಇತ್ತು, ನಿಜ. ಆದರೆ ಕಚೇರಿಯ ಮುಂದೆ ಅವಸರದಲ್ಲಿ ನಾನು ಗುಂಡು ತೆಗೆಯದೆಯೇ ಹೋಗಿದ್ದರೆ? ಆ ಹುಡುಗ ಜಿಪ್ ಪೂರ್ತಿ ಬಿಚ್ಚಿ, ಗೆಳೆಯರನ್ನು ಕರೆದು ತೋರಿಸಿದ್ದರೆ? ಇದರಲ್ಲಿ ಅವನ ತಪ್ಪು ಒಂದಿಷ್ಟೂ ಇಲ್ಲ. ಹಾಲ್‌ನವರ ತಪ್ಪೂ ಇಲ್ಲ. ತಪ್ಪು ನನ್ನದು, ಅದನ್ನು ಇಲ್ಲಿ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಆದರೆ ಮಾನ್ಯರೇ, ಬೆಳಗ್ಗೆ ಹನ್ನೊಂದಕ್ಕೆ ಆ ರಿವಾಲ್ವರ್ ನನ್ನ ಸೊಂಟ ಬಿಟ್ಟು ಡ್ಯಾಶ್‌ಬೋರ್ಡಿಗೆ ಹೋದದ್ದು ಯಾಕೆ ಎಂದು ನೀವು ಒಂದು ಕ್ಷಣ ಯೋಚಿಸಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆಯೂ 2016ರ ನಿಯಮಗಳೂ ನಮ್ಮ ಮೇಲೆ ದೊಡ್ಡ ಹೊಣೆ ಹೊರಿಸಿವೆ. ಹೊರಿಸಬೇಕು ಕೂಡ. ಸಾರ್ವಜನಿಕ ಜಾಗದಲ್ಲಿ ಕೋವಿ ಒಯ್ಯುವಾಗ ಅದು ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲೇ ಇರಬೇಕು ಎನ್ನುತ್ತದೆ ನಿಯಮ. ಸುರಕ್ಷಿತವಾಗಿ ಇಡುತ್ತೇನೆ ಎಂದು ಅರ್ಜಿಯ ಜೊತೆಗೇ ಬರೆದುಕೊಡುತ್ತೇವೆ. ಲೈಸೆನ್ಸಿನ ಶರತ್ತು ಮೀರಿದರೆ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾನು ಕಚೇರಿಯೊಳಗೆ ಬೆಂಚಿನ ಮೇಲೆ ಕೂತಿದ್ದೆ, ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಅದು ಯಾರ ಹತೋಟಿಯಲ್ಲಿತ್ತು? ನನ್ನದಂತೂ ಅಲ್ಲ. ಒಂದು ಗಾಜಿನ ಹತೋಟಿಯಲ್ಲಿತ್ತು, ಅಷ್ಟೇ.

ಹಾಗೆಂದು ಸೆಕ್ಯುರಿಟಿಯವರ ಕೈಗೆ ಕೊಟ್ಟು ಹೋಗುವಂತೆಯೂ ಇಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಶಿಕ್ಷೆ. ತಿಂಗಳ ಸಂಬಳಕ್ಕೆ ಬಾಗಿಲು ಕಾಯುವವರನ್ನು ಆ ಅಪಾಯಕ್ಕೆ ಯಾಕೆ ದೂಡಬೇಕು? ಅವರು ಬೇಡ ಎಂದದ್ದು ಸರಿ. ಒಳಗೆ ಬಿಡದಿದ್ದದ್ದೂ ಸರಿ. ಬಿಡದಿದ್ದ ಮೇಲೆ ಬೇರೆ ಜಾಗ ತೋರಿಸದೆ ಇದ್ದದ್ದು ಮಾತ್ರ ಸರಿಯಲ್ಲ, ಮತ್ತು ಅದು ಅವರ ಕೈಯಲ್ಲಿರುವ ವಿಷಯ ಅಲ್ಲ, ನಿಮ್ಮ ಕೈಯಲ್ಲಿರುವುದು.

"ಕಾರಲ್ಲಿ ಇಟ್ಟು ಬನ್ನಿ" ಅನ್ನುವ ಮಾತು ನಮ್ಮ ಜಿಲ್ಲೆಯಲ್ಲಿ ಒಂದು ನಿಯಮವೇ ಆಗಿಹೋಗಿದೆ. ಆಸ್ಪತ್ರೆಯಲ್ಲಿ, ಮಾಲ್‌ನಲ್ಲಿ, ಬ್ಯಾಂಕಿನಲ್ಲಿ, ದೇವಸ್ಥಾನದ ಬಾಗಿಲಲ್ಲಿ ಅದೇ ಮಾತು. ಆದರೆ ಕಾರು ಕಪಾಟಲ್ಲ. ಕಾರಿನ ಗಾಜು ಒಡೆಯಲು ಒಂದು ಕಲ್ಲು ಸಾಕು. ಡ್ಯಾಶ್‌ಬೋರ್ಡ್ ಬಾಕ್ಸಿನ ಬೀಗ ಪ್ಲಾಸ್ಟಿಕ್ಕಿನದು, ಎಷ್ಟೋ ಕಾರುಗಳಲ್ಲಿ ಬೀಗವೇ ಇಲ್ಲ. ಕಾರಿನ ಕೀ ಇವತ್ತು ನನ್ನ ಕೈ, ನಾಳೆ ಮಗನ ಕೈ, ನಾಡಿದ್ದು ಸರ್ವೀಸಿಗೆ ಬಿಟ್ಟಾಗ ಯಾರ ಕೈಯೋ. ಮಲ್ಪೆ ಬೀಚಿನಲ್ಲಿ ಭಾನುವಾರ ಸಂಜೆ ಸಾಲಾಗಿ ನಿಲ್ಲುವ ಕಾರುಗಳನ್ನು ನೋಡಿ. ಅದರಲ್ಲಿ ಯಾವ ಕಾರಿನಲ್ಲಿ ಏನಿದೆ ಎಂದು ಯಾರಿಗೆ ಗೊತ್ತು? ಮನೆಯಿಂದ ಕೋವಿ ಕದಿಯಬೇಕಾದರೆ ಕಳ್ಳ ಬಾಗಿಲು, ನಾಯಿ, ಕಪಾಟು ಎಲ್ಲ ದಾಟಬೇಕು. ಕಾರಿನಿಂದ ಆದರೆ ಅರ್ಧ ನಿಮಿಷ. ಕದ್ದ ಆ ಕೋವಿ ಮುಂದೆ ಯಾರ ಎದೆಗೆ ಗುರಿ ಇಡುತ್ತದೋ. ಆಗ ಅದರ ನಂಬರ್ ಹಿಡಿದು ಪೊಲೀಸರು ಬರುವುದು ನನ್ನ ಮನೆಗೇ. ಬರಲೇಬೇಕು.

ನನ್ನ ಅಕ್ಕನ ಮಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಇದನ್ನೆಲ್ಲ ಅವನಿಗೆ ಹೇಳಿದಾಗ ಅಲ್ಲಿನ ಕಾನೂನು ಓದಿ ಹೇಳಿದ. ಅಲ್ಲಿ 2017ರಿಂದ, ಯಾರೂ ಇಲ್ಲದ ವಾಹನದಲ್ಲಿ ಕೈಬಂದೂಕು ಬಿಟ್ಟು ಹೋಗುವುದಾದರೆ ಡಿಕ್ಕಿಯಲ್ಲಿಟ್ಟು ಬೀಗ ಹಾಕಬೇಕು, ಇಲ್ಲವೇ ಬೀಗ ಇರುವ ಪೆಟ್ಟಿಗೆಯಲ್ಲಿ ಹೊರಗೆ ಕಾಣದಂತೆ ಇಡಬೇಕು. ಡ್ಯಾಶ್‌ಬೋರ್ಡ್ ಬಾಕ್ಸನ್ನು ಬೀಗದ ಪೆಟ್ಟಿಗೆ ಎಂದು ಆ ಕಾನೂನು ಒಪ್ಪುವುದೇ ಇಲ್ಲ. ಕೋವಿ ಇಟ್ಟುಕೊಳ್ಳುವುದು ಹಕ್ಕು ಎನ್ನುವ ದೇಶ ಅದು. ನಮ್ಮಲ್ಲಿ ಅದು ಹಕ್ಕಲ್ಲ, ನೀವು ನಂಬಿ ಕೊಡುವ ಅನುಮತಿ. ಆದರೂ ನನ್ನ ಲೈಸೆನ್ಸ್ ಪುಸ್ತಕದ ಶರತ್ತುಗಳನ್ನು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದೆ. ನಿಲ್ಲಿಸಿದ ಕಾರಿನ ಬಗ್ಗೆ ಒಂದು ಮಾತೂ ಇಲ್ಲ.

ಇರುವ ಶರತ್ತುಗಳಾದರೂ ಜನರಿಗೆ ಗೊತ್ತಿವೆಯಾ? ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಮೆರವಣಿಗೆಗೆ, ಜನ ಸೇರುವ ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಕೋವಿ ಒಯ್ಯಬಾರದು ಎಂದು ಸ್ಪಷ್ಟವಾಗಿ ಇದೆ. ಈಗ ಮಣಿಪಾಲವನ್ನು ನೆನಪು ಮಾಡಿಕೊಳ್ಳಿ. ಅಲ್ಲಿ ಎಲ್ಲಿ ರಸ್ತೆ ಮುಗಿಯುತ್ತದೆ, ಎಲ್ಲಿ ಕ್ಯಾಂಪಸ್ ಶುರುವಾಗುತ್ತದೆ ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಹೋದ ಅಜ್ಜ, ಕಾರಿನ ಡಿಕ್ಕಿಯಲ್ಲಿ ರಿವಾಲ್ವರ್ ಇಟ್ಟುಕೊಂಡೇ ಶಾಲೆಯ ಅಂಗಳದೊಳಗೆ ಕಾರು ನಿಲ್ಲಿಸುತ್ತಾನೆ. ಕೈಯಲ್ಲಿ ಇಲ್ಲವಲ್ಲ, ಕಾರಲ್ಲಿ ತಾನೇ ಇರುವುದು ಎಂದುಕೊಳ್ಳುತ್ತಾನೆ. ಕಾರು ಒಳಗೆ ಬಂದರೆ ಕೋವಿಯೂ ಒಳಗೆ ಬಂದ ಹಾಗೆ ಅಲ್ವಾ? ಕೃಷ್ಣ ಮಠದ ಪರ್ಯಾಯ ಉತ್ಸವದ ಹೊತ್ತಿನಲ್ಲಿ ಉಡುಪಿಯ ಪಾರ್ಕಿಂಗ್ ಮೈದಾನಗಳಿಗೆ ಬರುವವರಿಗೂ ಇದೇ ಮಾತು. ಅಂಥ ದಿನ ಕೋವಿ ಮನೆಯಲ್ಲೇ ಇರಬೇಕು, ಬೇರೆ ದಾರಿ ಇಲ್ಲ.

"ಹಾಗಾದರೆ ಯಾವಾಗಲೂ ಮನೆಯಲ್ಲೇ ಬಿಟ್ಟು ಬನ್ನಿ" ಎಂದು ನೀವು ಹೇಳಬಹುದು. ಆದಷ್ಟು ಮಟ್ಟಿಗೆ ಅದೇ ಸರಿ, ನಾನೂ ಈಗ ಹಾಗೇ ಮಾಡುತ್ತಿದ್ದೇನೆ. ಆದರೆ ಯಾವ ಕಾರಣಕ್ಕೆ ಲೈಸೆನ್ಸ್ ಕೊಟ್ಟಿದ್ದೀರೋ ಆ ಕೆಲಸಕ್ಕೆ ಹೋದ ದಿನ ದಾರಿಯಲ್ಲಿ ಬ್ಯಾಂಕು, ಕೋರ್ಟು, ಕಚೇರಿ ಬರುತ್ತವೆ. ನವೀಕರಣಕ್ಕೆ ಕೋವಿಯನ್ನು ತಂದು ತೋರಿಸಬೇಕು. ಚುನಾವಣೆ ಬಂದರೆ ಠಾಣೆಗೆ ತಂದು ಒಪ್ಪಿಸಬೇಕು. ಆ ಸಮಯದಲ್ಲಿ ಬೆಳೆ ರಕ್ಷಣೆಯ ಕೋವಿ ಇರುವ ನಮ್ಮ ರೈತರನ್ನು ನೋಡಿದ್ದೇನೆ. ಉದ್ದದ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಅಜೆಕಾರು ಪೇಟೆಯಲ್ಲಿ ಚಹಾಕ್ಕೆ ಇಳಿಯುತ್ತಾರೆ. ಜೀಪಿಗೆ ಬಾಗಿಲೇ ಇಲ್ಲ. ಹಂದಿ ಕಾಟದ ನಡುವೆ ಕೋವಿ ಕಿತ್ತುಕೊಳ್ಳುತ್ತಾರೆ ಎಂಬ ಅವರ ಸಂಕಟ ಬೇರೆಯೇ ದೊಡ್ಡ ಕತೆ, ಅದಕ್ಕೆ ಇನ್ನೊಂದು ಪತ್ರ ಬೇಕು.

ಚುನಾವಣೆ ಎಂದಾಗ ನೆನಪಾಯಿತು, ನನ್ನ ಕೋರಿಕೆಯ ಮೂಲವೂ ಅದೇ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಗೂ, 2024ರ ಏಪ್ರಿಲ್‌ನ ಲೋಕಸಭಾ ಚುನಾವಣೆಗೂ ನಾನು ಠಾಣೆಯಲ್ಲಿ ರಿವಾಲ್ವರ್ ಒಪ್ಪಿಸಿದ್ದೆ. ಎಷ್ಟು ಅಚ್ಚುಕಟ್ಟಾಗಿ ತೆಗೆದುಕೊಂಡರು ಅಂತೀರಿ. ನಂಬರ್ ನೋಡಿದರು, ರಿಜಿಸ್ಟರಿನಲ್ಲಿ ಬರೆದರು, ಚೀಟಿ ಕಟ್ಟಿದರು, ರಶೀದಿ ಕೊಟ್ಟರು. ವಾಪಸ್ ಕೊಡುವಾಗ ಒಂದು ಗೀರು ಕೂಡ ಇರಲಿಲ್ಲ. ನೂರಾರು ಕೋವಿಗಳನ್ನು ತಿಂಗಳುಗಟ್ಟಲೆ ಜೋಪಾನವಾಗಿ ಇಟ್ಟುಕೊಳ್ಳಲು ನಿಮ್ಮ ಇಲಾಖೆಗೆ ಬರುತ್ತದೆ. ಹಾಗಿದ್ದ ಮೇಲೆ ಒಂದು ಕೋವಿಯನ್ನು ಎರಡು ಗಂಟೆ ಇಟ್ಟುಕೊಳ್ಳಲು ಯಾಕೆ ಆಗಬಾರದು?

ದಯವಿಟ್ಟು ಜಿಲ್ಲೆಯ ದೊಡ್ಡ ಸರ್ಕಾರಿ ಕಚೇರಿಗಳ ಸಮುಚ್ಚಯದಲ್ಲಿ, ಮಣಿಪಾಲದ ರಜತಾದ್ರಿಯಿಂದಲೇ ಶುರುಮಾಡಿ, ಬಾಗಿಲ ಬಳಿ ಗೋಡೆಗೆ ಬೋಲ್ಟ್ ಹಾಕಿದ ಸಣ್ಣ ಉಕ್ಕಿನ ಲಾಕರುಗಳನ್ನು ಇಡಿಸಿ. ಹತ್ತು ಖಾನೆ ಇದ್ದರೂ ಸಾಕು. ಲೈಸೆನ್ಸುದಾರನೇ ಇಡಬೇಕು, ಅವನೇ ಬೀಗ ಹಾಕಬೇಕು, ಕೀ ಅವನ ಬಳಿಯೇ ಇರಬೇಕು, ಆಗ ಬೇರೆಯವರ ಕೈಗೆ ಕೋವಿ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಒಬ್ಬ ಪೊಲೀಸರ ಎದುರು ಲೈಸೆನ್ಸ್ ನಂಬರ್, ಕೋವಿಯ ನಂಬರ್, ಸಮಯ ಬರೆಸಿ ಸಹಿ ಹಾಕಿಸಿ. ಮೇಲೊಂದು ಸಿಸಿಟಿವಿ ಇರಲಿ. ಪಕ್ಕದಲ್ಲಿ ಮರಳು ತುಂಬಿದ ಒಂದು ಡ್ರಮ್ ಇಡಿ. ನಳಿಕೆಯನ್ನು ಅದರ ಕಡೆಗೆ ಹಿಡಿದು ಗುಂಡು ತೆಗೆದರೆ, ಅಕಸ್ಮಾತ್ ಸಿಡಿದರೂ ಮರಳಿನೊಳಗೆ ಹೋಗುತ್ತದೆ. ಕಾರಿನೊಳಗೆ ಟವೆಲ್ ಅಡಿಯಲ್ಲಿ ನಾನು ಮಾಡಿದ ಕೆಲಸ ಇನ್ನೊಬ್ಬರು ಮಾಡಬಾರದು. ನ್ಯಾಯಾಲಯಗಳ ಆವರಣಕ್ಕೂ ಇಂಥದ್ದೇ ವ್ಯವಸ್ಥೆ ಆಗುವಂತೆ ತಾವು ಜಿಲ್ಲಾ ನ್ಯಾಯಾಧೀಶರಲ್ಲಿ ಕೇಳಿಕೊಳ್ಳಬಹುದು.

ಲಾಕರ್ ಬರುವವರೆಗೆ, ಹತ್ತಿರದ ಠಾಣೆಯಲ್ಲಿ ಒಂದೆರಡು ಗಂಟೆಗೆ ಕೋವಿ ಇಟ್ಟು ರಶೀದಿ ಪಡೆಯಬಹುದು ಎಂದು ಒಂದು ಸುತ್ತೋಲೆ ಹೊರಡಿಸಿ. ಲೈಸೆನ್ಸ್ ಇರುವ ಕೋವಿ ಅಂಗಡಿಗಳ ನೆರವನ್ನೂ ಪಡೆಯಬಹುದು. ಹೊಸ ಲೈಸೆನ್ಸ್ ಕೊಡುವಾಗ, ಐದು ವರ್ಷಕ್ಕೊಮ್ಮೆ ನವೀಕರಣ ಮಾಡುವಾಗ, ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಿ. ಕಾರಿನಲ್ಲಿ ಬಿಡಬೇಡಿ, ಬಿಡಲೇಬೇಕಾದರೆ ಹೀಗೆ ಮಾಡಿ ಎಂದು ಅದರಲ್ಲಿ ಬಿಡಿಸಿ ಹೇಳಿ. ಮದುವೆ ಹಾಲ್, ಆಸ್ಪತ್ರೆ, ಮಾಲ್‌ಗಳ ಆಡಳಿತದವರನ್ನೂ ಒಮ್ಮೆ ಕರೆದು ಮಾತಾಡಿ. ಪಾರ್ಕಿಂಗ್ ಹುಡುಗರು ಕೀ ತೆಗೆದುಕೊಳ್ಳುವ ಮೊದಲು "ಬೆಲೆಬಾಳುವ ವಸ್ತು, ಆಯುಧ ಏನಾದರೂ ಇದೆಯಾ" ಎಂದು ಕೇಳುವ ರೂಢಿ ಬಂದರೆ ಅವರಿಗೂ ರಕ್ಷೆ.

ಇನ್ನೊಂದು ವಿಷಯ ಹೇಳಲೇಬೇಕು. ಕೋವಿ ಕಳೆದುಹೋದರೆ ತಡಮಾಡದೆ ಠಾಣೆಗೆ ತಿಳಿಸಬೇಕು ಎಂಬುದು ಶರತ್ತು. ಆದರೆ ಭಯಕ್ಕೆ ಜನ ತಡ ಮಾಡುತ್ತಾರೆ, ಮನೆಯೆಲ್ಲ ಹುಡುಕುತ್ತಾರೆ, ಪರಿಚಯದವರನ್ನು ಕೇಳುತ್ತಾರೆ. ಅಷ್ಟರಲ್ಲಿ ಕೋವಿ ಜಿಲ್ಲೆ ದಾಟಿರುತ್ತದೆ. ಅರ್ಧ ಗಂಟೆಯೊಳಗೆ ಓಡಿ ಬಂದು ನಿಜ ಹೇಳಿದವನನ್ನು ಮೊದಲ ಮಾತಿಗೇ ಅಪರಾಧಿಯ ಹಾಗೆ ನೋಡಬೇಡಿ ಎಂದು ಠಾಣೆಗಳಿಗೆ ತಿಳಿಸಿ. ವಿಚಾರಣೆ ಆಗಲಿ, ತಪ್ಪಿದ್ದರೆ ಕ್ರಮವೂ ಆಗಲಿ. ಮೊದಲು ಕೋವಿ ಸಿಗಲಿ.

ನನ್ನ ಹಾಗೆ ಲೈಸೆನ್ಸ್ ಇರುವವರಿಗೂ ಎರಡು ಮಾತು ಹೇಳಬೇಕು. ಆ ಘಟನೆಯ ನಂತರ ನಾನು ಒಂದು ಉಕ್ಕಿನ ಪೆಟ್ಟಿಗೆ ಮಾಡಿಸಿ, ಡಿಕ್ಕಿಯೊಳಗೆ ಕಾರಿನ ಚೌಕಟ್ಟಿಗೇ ಬೋಲ್ಟ್ ಹಾಕಿಸಿದ್ದೇನೆ. ಸುಮ್ನೆ ಸೀಟಿನ ಕೆಳಗೆ ಇಟ್ಟ ಪೆಟ್ಟಿಗೆಯನ್ನು ಕಳ್ಳ ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗುತ್ತಾನೆ. ಆ ಪೆಟ್ಟಿಗೆಯ ಕೀ ಕಾರಿನ ಕೀಗೊಂಚಲಿನಲ್ಲಿ ಇಲ್ಲ, ನನ್ನ ಉಡಿದಾರದಲ್ಲಿದೆ. ಗುಂಡು ಬೇರೆ, ಕೋವಿ ಬೇರೆ. ಗುಂಡು ತೆಗೆಯುವುದು, ಪೆಟ್ಟಿಗೆಗೆ ಹಾಕುವುದು ಎಲ್ಲವೂ ಜನ ಇಲ್ಲದ ಜಾಗದಲ್ಲಿ ಮೊದಲೇ ಮುಗಿಯಬೇಕು. ಪಾರ್ಕಿಂಗ್‌ನಲ್ಲಿ ಡಿಕ್ಕಿ ತೆರೆದು ಇಟ್ಟರೆ ನೋಡುವವನು ನೋಡಿಯೇ ಬಿಡುತ್ತಾನೆ. ರಾತ್ರಿ ಮಾತ್ರ ಯಾವ ಕಾರಣಕ್ಕೂ ಕಾರಿನಲ್ಲಿ ಬಿಡಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚರ್ಮದ ಪೌಚ್ ನೀರು ಹೀರಿಕೊಂಡು ಒಳಗಿನ ಲೋಹಕ್ಕೆ ತುಕ್ಕು ಹತ್ತಿಸುತ್ತದೆ, ಅದೂ ಒಂದು ಕಾರಣ. ಮನೆಗೆ ಬಂದ ಕೂಡಲೇ ಕಪಾಟಿಗೆ ಹೋಗಲಿ. ಕಾರನ್ನು ಸರ್ವೀಸಿಗೆ ಬಿಡುವ ಮೊದಲು, ಬೇರೆಯವರ ಕೈಗೆ ಕೀ ಕೊಡುವ ಮೊದಲು, ಪೆಟ್ಟಿಗೆ ತೆರೆದು ಕಣ್ಣಾರೆ ನೋಡಿ. ನೆನಪನ್ನು ನಂಬಬೇಡಿ, ನನಗೆ ಅದು ಹೋಳಿಗೆಯ ಎಲೆಯ ಮುಂದೆ ಕೈಕೊಟ್ಟಿತ್ತು.

ಪೆಟ್ಟಿಗೆ ಮಾಡಿಸಿದ್ದೇನೆ ಎಂದು ನಾನು ನಿಶ್ಚಿಂತೆಯಿಂದ ಇಲ್ಲ. ಪೆಟ್ಟಿಗೆ ಇದ್ದರೂ ಅದು ಕಾರೇ. ರಸ್ತೆ ಬದಿಯಲ್ಲಿ, ಯಾರೂ ಇಲ್ಲದೆ ನಿಂತ ಕಾರು.

ನನ್ನ ಲೈಸೆನ್ಸಿನ ಅವಧಿ ಈ ಡಿಸೆಂಬರಿಗೆ ಮುಗಿಯುತ್ತದೆ. ನವೀಕರಣಕ್ಕೆ ರಿವಾಲ್ವರ್ ತೆಗೆದುಕೊಂಡು ಬರುತ್ತೇನೆ. ಆ ದಿನ ಬಾಗಿಲಲ್ಲಿ ಇರುವವರನ್ನು ಮತ್ತೆ ಅದೇ ಪ್ರಶ್ನೆ ಕೇಳುತ್ತೇನೆ, ಇದನ್ನು ಎಲ್ಲಿ ಇಡಲಿ ಎಂದು. ಅಷ್ಟರೊಳಗೆ ಅವರ ಬಳಿ ಹೇಳಲು ಒಂದು ಉತ್ತರ ಇರುವಂತೆ ಮಾಡಬೇಕು ಎಂದು ತಮ್ಮಿಬ್ಬರಲ್ಲೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಕಳ ತಾಲೂಕಿನ ಒಬ್ಬ ಲೈಸೆನ್ಸುದಾರ